ಜೀಪಿನಡಿಯಿಂದ ಒಂದು ‘ಹೂಂ’

ಬಣಕಲ್‌ನಲ್ಲಿ ಇಪ್ಪತ್ತೈದು ವರ್ಷ ಜೀಪು ರಿಪೇರಿ ಮಾಡಿದವನಿಗೆ ಮೆದುಳು ರಿಪೇರಿ ಎಷ್ಟರ ಕೆಲಸ ಎಂದು ನಾನು ನಂಬಿದ್ದೆ. ಎರಡರಲ್ಲೂ ಇರುವುದು ವೈರಿಂಗ್ ತಾನೆ!

ನನಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ನನ್ನಪ್ಪ, ಅಂದರೆ ಅಬ್ಬಾ, ತೀರಿಕೊಳ್ಳುವ ಹಿಂದಿನ ದಿನ ಗ್ಯಾರೇಜಿಗೆ ಬಂದು ಏನೋ ಹೇಳಿದರು. ನಾನು ಜೀಪಿನಡಿ ಮಲಗಿ ಬೋಲ್ಟ್ ಬಿಗಿಯುತ್ತಿದ್ದೆ. “ಹೂಂ” ಅಂದೆ. ಅವರ ಚಪ್ಪಲಿಗಳು ತಿರುಗಿ ಹೋದದ್ದು ಕಂಡಿತು. ಏನು ಹೇಳಿದರೆಂಬುದು ಮಾತ್ರ ನೆನಪಿಲ್ಲ. ಎರಡು ವರ್ಷದಿಂದ ಆ ಮಾತಿಗಾಗಿ ಹಂಬಲಿಸದ ದಿನವಿಲ್ಲ.

ಆದರೆ ಹದಿನೆಂಟನೇ ವಯಸ್ಸಿನಲ್ಲಿ ದೇವರಮನೆ ಗುಡ್ಡದ ಇಳಿಜಾರಿನಲ್ಲಿ ನಾನು ನಿಲ್ಲಿಸಿ ಇಳಿದ ಅವರ ಜೀಪು ಉರುಳಿಹೋದಾಗ ತಿಂದ ಬೈಗುಳ ಅಲ್ಪವಿರಾಮ ಸಮೇತ ನೆನಪಿದೆ: “ಟೈರಿಗೆ ಕಲ್ಲು ಕೊಡ್ದೆ ಇಳೀತಾರೇನೋ, ಬೇಕೂಫ್!”

ಇದೇಕೆ ಹೀಗೆ ಎಂದು ನರ್ಸಿಂಗ್ ಓದುತ್ತಿರುವ ಮಗಳು ಶಬಾನಳನ್ನು ಕೇಳಿದೆ.

“ಭಯ ಆದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಲ್ಲ ಬರ್ತದೆ ಅಬ್ಬಾ. ಆಗ ನಡೆದದ್ದು ತಲೇಲಿ ಗಟ್ಟಿಯಾಗಿ ಕೂರ್ತದೆ.”

“ಕಾರಿನ ಆಯಿಲಾ?”

“ಕಾರ್ಟಿಸಾಲ್! ಆದ್ರೆ ಕೇಳಿ...” ಎಂದು ಇನ್ನೂ ಏನೇನೋ ವಿವರಿಸಿದಳು. ಅಷ್ಟರಲ್ಲಿ ನಾನು ಜೀಪಿನಡಿ ತೂರಿಯಾಗಿತ್ತು. “ಹೂಂ” ಅಂದೆ.

ನನ್ನ ಸಂಶೋಧನೆ ಸರಳ. ಅದೇ ಇಳಿಜಾರು, ಅದೇ ಭಯ. ಆಯಿಲು ಹರಿದರೆ ತುಕ್ಕು ಹಿಡಿದ ನೆನಪು ತಾನಾಗಿ ಸಡಿಲವಾಗಬೇಕು! ನನ್ನನ್ನು ಹೆದರಿಸುವ ಗುರುತರ ಜವಾಬ್ದಾರಿಯನ್ನು ಪಕ್ಕದ ದಿನಸಿ ಅಂಗಡಿಯ ಶಿವಣ್ಣನಿಗೆ ವಹಿಸಲಾಯಿತು.

“ಎಂತ ಹುಚ್ಚು ಮಾರಾಯ ನಿಂದು, ಇಬ್ರಾಹಿಂ?” ಎಂದ. ಆದರೂ ಭಾನುವಾರ ಬಂದ.

ದೇವರಮನೆಯಲ್ಲಿ ಜೀಪು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹುಲ್ಲಿನ ಮೇಲೆ ಕಣ್ಣುಮುಚ್ಚಿ ನಿಂತೆ. ಊರವರ ಹ್ಯಾಂಡ್‌ಬ್ರೇಕ್‌ಗಳನ್ನೆಲ್ಲ ಸರಿಮಾಡುವ ನಾನು ನನ್ನದನ್ನು ಮಾತ್ರ ನಾಳೆಗೆ ಇಟ್ಟಿದ್ದೆ.

“ಹಾವು!” ಎಂದು ಶಿವಣ್ಣ ಬೆನ್ನ ಹಿಂದೆ ಅರಚಿದ. ನಾನು ಹಾರಿದೆ. ಕಣ್ಣು ಬಿಟ್ಟರೆ ಜೀಪು ನನ್ನನ್ನು ಬಿಟ್ಟು ಹೊರಟಿತ್ತು!

“ಅಬ್ಬಾ!” ಎಂದು ಕೂಗಿದೆ. ಜೀಪು ಹುಲ್ಲುಗಾವಲು ದಾಟಿ, ಕೆಳಗಿನ ಕೆಸರಿನಲ್ಲಿ ಮೂಗು ಹುದುಗಿಸಿ ನಿಂತಿತು.

ಯಾರನ್ನಾದರೂ ಕರೆಯೋಣವೆಂದರೆ ನನ್ನ ಫೋನಿನ ಲಾಕ್ ಮರೆತುಹೋಯಿತು. ಮಗಳ ನಂಬರು ಮರೆತುಹೋಯಿತು. “ಇವನೇ... ಇವನೇ...” ಎಂದೆನೇ ಹೊರತು ಶಿವಣ್ಣನ ಹೆಸರೂ ಬಾಯಿಗೆ ಬರಲಿಲ್ಲ. ತಲೆಯಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ಒಂದೇ: ಟೈರಿಗೆ ಕಲ್ಲು ಕೊಡ್ದೆ ಇಳೀತಾರೇನೋ, ಬೇಕೂಫ್!

ಮನೆ ಸೇರಿದ ಮೇಲೆ ಶಬಾನ ಹಣೆ ಚಚ್ಚಿಕೊಂಡಳು. “ಭಯ ಜಾಸ್ತಿ ಆದ್ರೆ ಗೊತ್ತಿರೋದೂ ನೆನಪಿಗೆ ಬರಲ್ಲ ಅಂತ ಅವತ್ತೇ ಹೇಳಿದ್ನಲ್ಲ. ನೀವು ಹೂಂ ಅಂದ್ರಿ!”

“ಹಾಗಾದ್ರೆ ಅಬ್ಬಾ ಹೇಳಿದ್ದು?”

ಅವಳ ದನಿ ಇಳಿಯಿತು. “ನೀವು ಅದನ್ನ ಸರಿಯಾಗಿ ಕೇಳಿಸ್ಕೊಂಡೇ ಇಲ್ಲ. ತಲೆ ಒಳಗೆ ಹೋಗದೇ ಇದ್ದದ್ದು ಹೊರಗೆ ಹೇಗೆ ಬರ್ತದೆ ಅಬ್ಬಾ?”

ಶಿವಣ್ಣ ಈಗಲೂ ಅಂಗಡಿಗೆ ಬಂದವರಿಗೆಲ್ಲ ಅಭಿನಯಿಸಿ ತೋರಿಸುತ್ತಾನೆ. “ಇಬ್ರಾಹಿಂ ಹೆದರಿ ‘ಅಬ್ಬಾ!’ ಅಂತ ಕಿರುಚಿದ ನೋಡಿ, ಗುಡ್ಡವೇ ನಡುಗಿತು!” ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಹೆದರಿದ್ದು ನಿಜ. ಆದರೆ ನಾನು ಕರೆದದ್ದು ನನ್ನ ಅಬ್ಬಾರನ್ನು. ಆ ಕಡೆಯಿಂದ ಒಂದು ‘ಹೂಂ’ ಕೂಡ ಬರಲಿಲ್ಲ.