ಮನೆಗೆ ಹೊಂದುವಂಥ ಖೋಲಿ

ಹೊಸ ಖೋಲಿಯಲ್ಲಿ ಇವತ್ತು ಮಂಚ ಹಾಕಬೇಕೆಂದು ಲಾಡಲೇಸಾಬ ಹುರುಪಿನಿಂದ ಎದ್ದಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ಜಾನಕೀಬಾಯಿ ಅಂಗಳಕ್ಕೆ ನೀರು ಹಾಕುತ್ತ ಒಂದು ಮಾತು ಆಡಿದಳು.

"ಲಾಡಲೇಸಾಬಣ್ಣಾ, ಖೋಲಿ ಛಲೋ ಆಗ್ಯದ. ಆದ್ರ ಹಳೇ ಅಂಗಿಗೆ ಹೊಸಾ ತೋಳು ಹಚ್ಚಿಧಂಗ ಕಾಣಸ್ತದ ನೋಡ್ರಿ."

ಲಾಡಲೇಸಾಬ ಸ್ಟೇಷನ್ ರಸ್ತೆಯ ದರ್ಜಿ. ತೇಪೆ ಎಲ್ಲಿ ಬಿದ್ದಿದೆಯೆಂದು ಅಂಗಿ ತೊಟ್ಟವನಿಗೂ ತಿಳಿಯದಂತೆ ಹೊಲಿಯುತ್ತಾನೆಂದು ವಿಜಾಪುರದಲ್ಲೆಲ್ಲ ಹೆಸರು. ಅಂಥವನ ಸ್ವಂತ ಮನೆಗೇ ಈ ಮಾತು ಬಂದರೆ ಗಂಟಲಲ್ಲಿ ರೊಟ್ಟಿ ಇಳಿದೀತೇ?

ಮನೆ ಅಜ್ಜ ಕಟ್ಟಿಸಿದ್ದು. ಕರಿಕಲ್ಲಿನ ಗೋಡೆ, ಮುಂದೊಂದು ಕಮಾನು, ಒಳಗೆ ಇರುವುದು ಒಂದೇ ಖೋಲಿ. ಮಗ ಸೈಫುದ್ದೀನನ ನಿಕಾಹ ಆದಂದಿನಿಂದ ಅದು ಮಗ ಸೊಸೆಯ ಪಾಲು. ಹೆಂಡತಿ ಆಶಾಬಿ ಅಡುಗೆಮನೆಯಲ್ಲಿ ಮಲಗುತ್ತಾಳೆ, ತಾನು ಹೊರಗೆ ಕಟ್ಟೆಯ ಮೇಲೆ. ಗಂಡ ಹೆಂಡತಿ ಒಂದು ಕಷ್ಟಸುಖದ ಮಾತು ಆಡಿ ಎರಡು ವರ್ಷವಾಗಿತ್ತು. ಅದಕ್ಕೇ ತಿಕೋಟದಲ್ಲಿ ಬಿದ್ದುಹೋದ ಹಳೇ ವಾಡೆಯ ಮನೆಯೊಂದರ ಕಲ್ಲು ತರಿಸಿ, ಮನೆಗಿದ್ದಂಥದೇ ಕಮಾನು ಇಡಿಸಿ, ಮಗ್ಗುಲಿಗೆ ಈ ಖೋಲಿ ಕಟ್ಟಿಸಿದ್ದ. ಆದರೇನು, ಹೊಸದಾಗಿ ಕೆತ್ತಿದ ಕಲ್ಲು ಮಿಂಚುತ್ತಿತ್ತು, ಸಂದುಗಳ ಸುಣ್ಣ ಬೆಳ್ಳಗೆ ಹಲ್ಲು ಕಿಸಿಯುತ್ತಿತ್ತು.

ಕಟ್ಟಿದ ಗೌಂಡಿ ಧೂಳಪ್ಪನನ್ನು ಕರೆಸಿದ. ಧೂಳಪ್ಪ ನಕ್ಕ. "ಹಳೇದು ಮಾಡೋದು ಏನ್ ದೊಡ್ಡ ಮಾತ್ರಿ. ಬೆಲ್ಲದ ನೀರಾಗ ಒಲಿ ಮಸಿ ಕಲಸಿ ಹೊಡದ್ರ ಆತು."

ಹೊಡೆದರು. ಸ್ವಲ್ಪ ಹೊತ್ತಿನಲ್ಲೇ ಓಣಿಯ ನೊಣಗಳೆಲ್ಲ ಗೋಡೆಗೆ ಬೀಗರಂತೆ ಬಂದು ಕೂತವು.

"ಮ್ಯಾಲ ಹುಳಿ ಮಜ್ಜಿಗಿ ಸುರೀರಿ, ಪಾಚಿ ಕಟ್ತದ," ಎಂದಳು ಜಾನಕೀಬಾಯಿ. ಸುರಿದರು. ನಾಯಿಗಳು ಬಂದು ನೆಕ್ಕಿ ಹೋದವು. ಅದರ ಮೇಲೆ ಸಗಣಿ ನೀರು ಬಳಿದು ತಿಕ್ಕಿದರು. ಕೊನೆಗೆ ಧೂಳಪ್ಪ ಸುತ್ತಿಗೆ ಎತ್ತಿ, "ಒಂದ ಮೂಲಿ ಒಡದೇವಂದ್ರ ಖರೇನ ಹಳೇದು ಕಾಣ್ತೈತಿ," ಎನ್ನುತ್ತಲೇ ಕಮಾನಿನ ಅಂಚು ಒಡೆದ. ಏಟು ಲಾಡಲೇಸಾಬನ ಎದೆಗೇ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಖೋಲಿ ಹೇಗಾಯಿತೆಂದರೆ, ಮನೆಗಿಂತ ಅದೇ ನೂರು ವರ್ಷ ಹಳೆಯದಾಗಿ ಕಂಡಿತು. ಜಾನಕೀಬಾಯಿಗೆ ಸಮಾಧಾನವಾಯಿತು. ಆಶಾಬಿ ಮಂಚ ಒಳಗೆ ಹಾಕಿಸಿ, ನಾಚುತ್ತ ಅದರ ಮೇಲೆ ಎರಡು ತಲೆದಿಂಬು ಇಟ್ಟಳು.

ಆಗ ಸೈಕಲ್ ಮೇಲೆ ಬಂದ ನಗರಸಭೆಯ ಕಾರಕೂನ ಗೊಲ್ಲಾಳಪ್ಪ. ಮನೆ ಕಟ್ಟುವ ಪರವಾನಗಿ ನೋಡುವುದು ಅವನ ಕೆಲಸ.

"ಹೊಸಾ ಖೋಲಿ ಕಟ್ಟಿಸೀರಂತಲ್ರಿ. ಪರವಾನಗಿ ಎಲ್ಲೈತಿ?"

ಪರವಾನಗಿಗೆ ಅಲೆದರೆ ಚಪ್ಪಲಿ ಸವೆಯುವುದಷ್ಟೇ ಎಂದು ಲಾಡಲೇಸಾಬ ಅದನ್ನು ತೆಗೆಸಿರಲೇ ಇಲ್ಲ. ಮೆಲ್ಲಗೆ ಒಳಗೆ ಜಾರಲು ನೋಡಿದ. ಆದರೆ ಗೋಡೆಯ ಕಡೆ ಕಣ್ಣು ಹೋದದ್ದೇ ಧೈರ್ಯ ಬಂತು.

"ಹೊಸಾದು ಎಲ್ಲೈತ್ರಿ? ಇದು ನಮ್ಮ ಮುತ್ತ್ಯಾನ ಮುತ್ತ್ಯಾನ ಕಾಲದ್ದು."

"ನಾ ಲಗ್ನಾಗಿ ಬಂದಾಗಿಂದ ನೋಡ್ಲಿಕತ್ತೇನಿ," ಎಂದಳು ಜಾನಕೀಬಾಯಿ.

ಧೂಳಪ್ಪನಿಗೂ ಹುರುಪು ಬಂತು. "ಇಂಥಾ ಕಮಾನ ಈಗಿನವ್ರ ಕೈಲೆ ಆಗ್ತಾವೇನ್ರಿ? ಬಾದಶಾಹಿ ಕಾಲದ ಕೆಲಸ ಇದು."

ಗೊಲ್ಲಾಳಪ್ಪ ಗೋಡೆ ಮುಟ್ಟಿದ, ಬೆರಳು ಮೂಸಿ ಮುಖ ಕಿವುಚಿದ, ತಲೆದೂಗಿ ಹೊರಟುಹೋದ. ಲಾಡಲೇಸಾಬ ಎಲ್ಲರಿಗೂ ಚಹಾ ಕುಡಿಸಿದ.

ಸಂಜೆಗೆ ಗೊಲ್ಲಾಳಪ್ಪ ಮತ್ತೆ ಬಂದ. ಈ ಸಲ ಜೀಪಿನಲ್ಲಿ. ಜೊತೆಗೆ ಹಳೇ ಗುಮ್ಮಟ, ಇಮಾರತುಗಳನ್ನು ಕಾಯುವ ಖಾತೆಯ ಸಾಹೇಬರು. ಅವರು ಒಡೆದ ಕಮಾನಿನ ಮುಂದೆ ಕೈಕಟ್ಟಿ ನಿಂತರು. ಕಣ್ಣು ತುಂಬಿ ಬಂದವು.

"ನಿಮ್ಮ ಮನಿ ಇತ್ತೀಚಿನದು, ಅದರ ತಕರಾರಿಲ್ಲ. ಆದ್ರ ಈ ಖೋಲಿ ಬಾದಶಾಹಿ ಕಾಲದ್ದು, ಇನ್ನ ಮ್ಯಾಲ ಸರಕಾರದ್ದು. ಒಳಗ ಯಾರೂ ಇರೂಹಂಗಿಲ್ಲ, ಗ್ವಾಡಿಗೆ ಒಂದ ಮೊಳಿ ಹೊಡಿಯೂಹಂಗಿಲ್ಲ."

"ಸಾಹೇಬ್ರ, ಇದನ್ನ ಹ್ವಾದ ತಿಂಗಳ ನಾನ ಕಟ್ಟಿಸೇನ್ರಿ. ಈ ಧೂಳಪ್ಪನ್ನ ಕೇಳ್ರಿ."

ಧೂಳಪ್ಪ ಆಗಲೇ ಓಣಿಯ ತಿರುವು ದಾಟಿದ್ದ.

"ಹಂಗಂದ್ರ ಪರವಾನಗಿ ಇಲ್ದ ಕಟ್ಟಿಸೀರಿ," ಎಂದ ಗೊಲ್ಲಾಳಪ್ಪ ತಣ್ಣಗೆ. "ನಾಳೆ ಮುಂಜಾನೆ ಕೆಡವಸ್ತೇನಿ. ಯಾವುದು ಖರೆ, ವಿಚಾರ ಮಾಡಿ ಹೇಳ್ರಿ."

ಲಾಡಲೇಸಾಬ ಬಾಗಿಲಲ್ಲಿ ನಿಂತ ಆಶಾಬಿಯ ಮುಖ ನೋಡಿದ. ಅವನಿಗೆ ಅಳು ಬಂತು. ನಾಲ್ಕು ಜನರ ಎದುರು ಅಳಲಾಗದೆ ಕೆಮ್ಮಿದ. ತಾನು ಇಡಿಸಿದ ಕಲ್ಲನ್ನು ತಾನೇ ಕೆಡವಿಸಲು ಮನಸ್ಸು ಒಪ್ಪಲಿಲ್ಲ.

"ಹಳೇದುರಿ," ಎಂದ.

ಮಂಚ ಹೊರಗೆ ಬಂತು, ಬಾಗಿಲಿಗೆ ಸರಕಾರಿ ಕೀಲಿ ಬಿತ್ತು. ಒಳಗೆ ಯಾರೂ ಹೋಗದಂತೆ ಕಾಯಲು ನಂಬಿಗಸ್ತ ಮನುಷ್ಯ ಬೇಕೆಂದು ಸಾಹೇಬರು ಚಿಂತೆಗೆ ಬಿದ್ದರು.

"ಚಿಂತಿ ಯಾಕ್ರಿ?" ಎಂದಳು ಜಾನಕೀಬಾಯಿ, ನೆರೆಯವನಿಗೆ ಉಪಕಾರ ಮಾಡುವ ದನಿಯಲ್ಲಿ. "ಲಾಡಲೇಸಾಬಣ್ಣ ಹ್ಯಾಂಗೂ ಹೊರಗ ಕಟ್ಟಿ ಮ್ಯಾಲೇ ಮಲಗ್ತಾರ."

ಸಾಹೇಬರು ಸಂತೋಷದಿಂದ ಅವನ ಕೈ ಕುಲುಕಿ, ಜೀಪು ಹತ್ತಿದರು.

ಆಶಾಬಿ ಒಂದು ತಲೆದಿಂಬನ್ನು ಕಟ್ಟೆಯ ಮೇಲೆ ಇಟ್ಟಳು. ಇನ್ನೊಂದನ್ನು ಕಂಕುಳಲ್ಲಿ ಇರುಕಿಕೊಂಡು ಖೋಲಿಯ ಗೋಡೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಹೊಸಾ ತೋಳು ಹಚ್ಚಿದ್ದು ಯಾರಿಗೂ ಗೊತ್ತಾಗಲಿಲ್ಲ ನೋಡ್ರಿ," ಎಂದು ಅಡುಗೆಮನೆಗೆ ನಡೆದಳು.