ಒಂಟಿ ಸೀಟಿನ ಸಂಸಾರ

ನಮ್ಮ ಕಾಕಾ ಪುಣೆಯ ಅತಿ ವೇಗದ ಮನುಷ್ಯ. ಹಾಗೆಂದು ಹೇಳುವವರು ಒಬ್ಬರೇ, ಅದೂ ಸ್ವತಃ ಕಾಕಾ!

ಕೊಥ್ರೂಡ್ ಬಡಾವಣೆಯ ಅವರ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ತಾಡಪತ್ರಿ ಹೊದ್ದು ಮಲಗಿರುವ ಒಂಟಿ ಸೀಟಿನ ರೇಸ್ ಕಾರೇ ಇದಕ್ಕೆ ಸಾಕ್ಷಿ. ಧಾರವಾಡದಿಂದ ನೌಕರಿಗೆ ಬಂದ ಹೊಸದರಲ್ಲಿ ಗೆಳೆಯನ ಗ್ಯಾರೇಜಿನಲ್ಲಿ ತಾವೇ ಕಟ್ಟಿದ ಗಾಡಿ. ಅಲ್ಯೂಮಿನಿಯಂ ತಗಡು ಬಡಿದು ಮಾಡಿದ ಸೌತೆಕಾಯಿಯಂಥ ಮೈ, ಹೊರಗೆ ಚಾಚಿದ ನಾಲ್ಕು ಗಾಲಿ, ಬೆನ್ನ ಹಿಂದೆಯೇ ಎಂಜಿನ್. ಬಾಗಿಲಿಲ್ಲ, ಚಾವಣಿಯಿಲ್ಲ, ರಿವರ್ಸ್ ಗೇರೂ ಇಲ್ಲ. ಯಾಕೆಂದು ಕೇಳಿದರೆ, ರೇಸಿನಲ್ಲಿ ಹಿಂದಕ್ಕೆ ಹೋಗುವವರು ಯಾರು ಎಂದು ನಮ್ಮನ್ನೇ ಕೇಳುತ್ತಾರೆ. ತೂಕ ಇಳಿಸಲು ಏನೇನೋ ಬಿಚ್ಚಿ ಒಗೆದರು. ಸ್ವಂತ ಹೊಟ್ಟೆಯ ವಿಷಯ ಮಾತ್ರ ಹೊಳೆಯಲಿಲ್ಲ!

ರೇಸಿನ ಇತಿಹಾಸವೂ ಭವ್ಯವಾದದ್ದೇ. ಹಾಳುಬಿದ್ದ ವಿಮಾನಪಟ್ಟಿಯ ಮೇಲಿನ ಮೊದಲ ರೇಸಿನಲ್ಲಿ ಎಂಜಿನ್ನಿನ ಮುಚ್ಚಳ ಹಾರಿಹೋಯಿತು. ಕಾಕಾ ಗಾಡಿ ನಿಲ್ಲಿಸಿ, ಇಳಿದು, ಅದನ್ನು ಹುಡುಕಿ ತಂದು ಮತ್ತೆ ಓಡಿಸಿದರು. ಅಷ್ಟರಲ್ಲಿ ಉಳಿದವರ ಚಹಾ ಮುಗಿದಿತ್ತು. ಮುಂದೊಮ್ಮೆ ಬಹುಮಾನದ ಕಪ್ಪೂ ಬಂತು. ಆ ದಿನ ಬೇರೆ ಗಾಡಿಗಳೆಲ್ಲ ಕೆಟ್ಟು ನಿಂತಿದ್ದವೆಂಬುದನ್ನು ಕಾಕಾ ಹೇಳುವುದಿಲ್ಲ, ಅವರ ಹೆಂಡತಿ, ನಮ್ಮ ಕಾಕು, ಹೇಳದೆ ಬಿಡುವುದಿಲ್ಲ. ಆ ಕಪ್ಪಿನಲ್ಲಿ ಈಗ ಕಾಕು ನಿಂಬೆಹಣ್ಣು ಇಡುತ್ತಾರೆ.

ಕಾಕುವಿನ ಸಿಟ್ಟಿಗೆ ಕಾರಣವಿದೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಹತ್ತಿರದ ಗಿರಿಧಾಮ ಲೋಣಾವಳಾಕ್ಕೆ ಹೊರಟರು. ಕಾಕಾ ರೇಸ್ ಕಾರಿನಲ್ಲಿ. ಹೊಸ ಹೆಂಡತಿ? ಲೋಕಲ್ ಟ್ರೇನಿನಲ್ಲಿ, ಇಬ್ಬರ ಬ್ಯಾಗೂ ಹೊತ್ತು! ಆದರೂ ಮೊದಲು ಮುಟ್ಟಿದವರು ಕಾಕು. ಸ್ಟೇಷನ್ನಿನಲ್ಲಿ ಒಬ್ಬರೇ ಕೂತು ಚಿಕ್ಕಿ ಕಡಿಯುತ್ತ ಗಂಡನ ದಾರಿ ಕಾದ ಕಥೆಯನ್ನು ಅವರು ಯಾವ ಮದುವೆಮನೆಯಲ್ಲೂ ಹೇಳದೆ ಎದ್ದಿಲ್ಲ.

ಆ ಸೀಟಿನಲ್ಲಿ ಕಾಕಾ ಯಾರನ್ನೂ ಕೂಡಿಸಿದವರಲ್ಲ. ಪ್ರತಿ ಖಂಡೇನವಮಿಗೆ ಆಯುಧಪೂಜೆ ಮಾಡಿ, ಗಾಲಿಯಡಿ ನಿಂಬೆಹಣ್ಣಿಟ್ಟು, ಅವರು ರಾಜನಂತೆ ಒಳಗೆ ಕೂಡುವುದು, ನಾವು ಹಿಂದಿನಿಂದ ದೂಡುವುದು. ಈ ವರ್ಷ ಮೊಣಕಾಲಿನ ಆಪರೇಷನ್ ಆಗಿ ಅವರ ಕಾಲು ಮಡಚುತ್ತಿರಲಿಲ್ಲ. ವಾಕರ್ ಹಿಡಿದು ಗಾಡಿಯ ಪಕ್ಕ ನಿಂತರು. ಸ್ಟೀರಿಂಗ್ ಹಿಡಿಯಲು ನಾನು ಪ್ಯಾಂಟು ಮೇಲೇರಿಸಿ ಸಜ್ಜಾದೆ, ಬಾಲ್ಯದಿಂದ ಕಾದಿದ್ದೆನಲ್ಲ! ಕಾಕಾ ನನ್ನತ್ತ ನೋಡಲೂ ಇಲ್ಲ. ಆರತಿ ತಟ್ಟೆ ಹಿಡಿದಿದ್ದ ಕಾಕುವಿಗೆ, "ನೀ ಕೂಡು" ಅಂದರು.

ಕಾಕು ಸೀರೆಯ ನೆಪ ಹೇಳಿದರು, ಮಂದಿ ನಗುತ್ತಾರೆಂದರು. ಕಡೆಗೆ ಸ್ಟೂಲು ಹತ್ತಿ, ನಮ್ಮ ಹೆಗಲು ಹಿಡಿದು ಒಳಗಿಳಿದರು. ದೂಡಿದೆವು. ನಿಂಬೆಹಣ್ಣು ಅಪ್ಪಚ್ಚಿಯಾದವು. ಗಾಡಿ ಗೇಟಿನವರೆಗೆ ಹೋಗಿ ನಿಂತಿತು. ಪುಣೆಯ ಅತಿ ವೇಗದ ಮನುಷ್ಯ ವಾಕರ್ ಕುಟ್ಟುತ್ತ ಬಂದು ಮುಟ್ಟುವ ತನಕ ಎಲ್ಲರೂ ಕಾದೆವು.

"ಇಳೀತೀಯೇನು?" ಎಂದರು ಕಾಕಾ.

"ಇಳಿಯಂಗಿಲ್ರಿ. ಲೋಣಾವಳಾಕ್ಕ ಹೋಗೂದದ," ಎಂದರು ಕಾಕು, ಸ್ಟೀರಿಂಗ್ ಬಿಡದೆ.

ನಾವೆಲ್ಲ ನಕ್ಕೆವು. ಕಾಕಾ ನಗಲಿಲ್ಲ. ಅವರ ಕಣ್ಣು ತುಂಬಿತ್ತು. ಹೊರಗೆ ಇಳಿಬಿದ್ದಿದ್ದ ಹೆಂಡತಿಯ ಸೆರಗನ್ನು ಗಾಲಿಗೆ ಸಿಗದಂತೆ ಮೆಲ್ಲಗೆ ಒಳಗೆ ಸೇರಿಸಿ ಅವರು ಹೇಳಿದರು:

"ಹೋಗು. ಬ್ಯಾಗ್ ಇಲ್ಲೇ ಇಡು. ನಾ ಲೋಕಲ್‌ನ್ಯಾಗ ತರ್ತೀನಿ."