ಅಂಟಿಕೊಂಡ ನಾನ್‌ಸ್ಟಿಕ್

ಹೆಂಡತಿ ತನ್ನ ಕೆಲಸವನ್ನು ಒಮ್ಮೆಯೂ ಮೆಚ್ಚಿಲ್ಲ ಎಂಬ ಕೊರಗು ಲೇಪನಾಚಾರ್ಯರಿಗೆ ಮದುವೆಯಾದಂದಿನಿಂದ ಇತ್ತು. (ಕಾರ್ಖಾನೆಯಲ್ಲಿ ಲೋಹಕ್ಕೆ ಬಳಿದ ಲೇಪನ ಉಜ್ಜಿದರೆ, ಕಾಯಿಸಿದರೆ ಏನಾಗುತ್ತದೆಂದು ಪರೀಕ್ಷಿಸುವ ಗಂಡನಿಗೆ ಆಕೆಯೇ ದಯಪಾಲಿಸಿದ ಬಿರುದು ಅದು.) ಆ ಭಾನುವಾರ ಯೋಗ ಕೂಡಿಬಂತು.

"ರೀ, ಬೇಗ ಬನ್ನಿ! ನನ್ನ ಮಾನ ಹೋಯ್ತು!"

ಆಚಾರ್ಯರ ಅಕ್ಕನಿಂದ ಕಡ ತಂದ ನಾನ್‌ಸ್ಟಿಕ್ ಪಾತ್ರೆಗಳು ಅಡುಗೆಕಟ್ಟೆಯ ಮೇಲಿದ್ದವು. ಒಳಗೂ ಹೊರಗೂ ಮಿರುಗುವ ಕಪ್ಪು ಲೇಪನ. ಚಿಕ್ಕದು ದೊಡ್ಡದರೊಳಗೆ ಕೂತು ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. (ಅಂಟುವುದಿಲ್ಲ ಎಂಬುದು ಅಡುಗೆಗೆ ಕೊಟ್ಟ ಭರವಸೆ, ಬಳಗಕ್ಕಲ್ಲ.)

"ಸಂಜೆ ನಿಮ್ಮಕ್ಕ ಬರ್ತಾರೆ. ಒಂದು ಗೀರು ಬಿದ್ರೂ ಜನ್ಮವಿಡೀ ಆಡಿಕೊಳ್ತಾರೆ. ಚಾಕು ಹಾಕಿ ಮೀಟ್ಲಾ?"

"ಮುಟ್ಟಬೇಡ ಮಾರಾಯ್ತಿ! ದೊಡ್ಡದು ಬಿಸಿಗೆ ಹಿಗ್ಗಿದ್ದಾಗ ತಣ್ಣಗಿರೋ ಚಿಕ್ಕದನ್ನ ಇಳಿಸಿದ್ದಾರೆ. ಆರಿದ ಮೇಲೆ ದೊಡ್ಡದು ಕುಗ್ಗಿ ಅಮುಕಿ ಹಿಡ್ಕೊಂಡಿದೆ. ನಡುವಿನ ಲೇಪನ ಅಪ್ಪಚ್ಚಿಯಾಗಿದೆ. ಎಳೆದ್ರೆ ಕಿತ್ತೇ ಬರುತ್ತೆ."

ಚಿಕ್ಕದರ ಹೊಟ್ಟೆಗೆ ಐಸು ಬಿತ್ತು. ದೊಡ್ಡದು ಬಿಸಿನೀರಿನ ಬೋಗುಣಿಯಲ್ಲಿ ಕೂತಿತು. ಆಚಾರ್ಯರು ಶಸ್ತ್ರವೈದ್ಯರ ಗಾಂಭೀರ್ಯದಿಂದ ಕೈಯೊರೆಸಿಕೊಂಡು, ಚಿಕ್ಕದರ ಹಿಡಿಯನ್ನು ಮಗುವಿನ ಕಿವಿ ಹಿಂಡುವಷ್ಟು ಹಗುರವಾಗಿ ತಿರುಗಿಸಿದರು. ಟಪ್! ಬಿಟ್ಟುಕೊಂಡಿತು.

ಹೆಂಡತಿ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು, ಬೆರಳಿಂದ ಸವರಿದಳು. ಗೀರಿಲ್ಲ, ಕಲೆಯಿಲ್ಲ.

"ಅಬ್ಬಾ! ನಿಮ್ಮ ಕೆಲಸ ಅಂದ್ರೆ ಬರೀ ಬಣ್ಣ ಕೆರೆಯೋದು ಅಂದ್ಕೊಂಡಿದ್ದೆ ಕಣ್ರೀ. ಎಂಥಾ ತಲೆ ನಿಮ್ಮದು!"

ಆಚಾರ್ಯರೂ ಹಿಗ್ಗಿದರು. (ಬಿಸಿನೀರು ಬೇಕಾಗಲಿಲ್ಲ.)

ಸಂಜೆ ಅಕ್ಕ ಬಂದು ಕೂರುವ ಮೊದಲೇ ಹೆಂಡತಿ ಪತಿಯ ಪರಾಕ್ರಮವನ್ನು ಪಾರಾಯಣ ಮಾಡಿದಳು.

"ನನ್ನ ತಮ್ಮ ಅಂದ್ರೆ ಸುಮ್ನೇನಾ?" ಅಕ್ಕನಿಗೂ ಹೆಮ್ಮೆ. "ಅದಿರಲಿ, ಸಿಕ್ಕಿಕೊಂಡಿದ್ದು ಹೇಗೋ?"

ಮಾತನ್ನು ಅಲ್ಲಿಗೇ ಬಿಟ್ಟಿದ್ದರೆ ಬದುಕುತ್ತಿದ್ದರು. ಆಚಾರ್ಯರು ಗಂಟಲು ಸರಿಮಾಡಿಕೊಂಡರು. "ಯಾರೋ ದೊಡ್ಡದನ್ನ ಕುದಿಯೋ ನೀರಲ್ಲಿ ತೊಳೆದು, ಆರೋ ಮೊದಲೇ ನಲ್ಲಿನೀರಲ್ಲಿ ತೊಳೆದ ಚಿಕ್ಕದನ್ನ ತುರುಕಿದ್ದಾರೆ. ಲೋಹದ ಗಂಧಗಾಳಿ ಇಲ್ಲದ ಶತಮೂರ್ಖರ ಕೆಲಸ!" ಎಂದು ಹೆಂಡತಿಯ ಕಡೆ ಕ್ಷಮಾದೃಷ್ಟಿ ಬೀರಿದರು.

ಆಕೆಯ ಕಣ್ಣರಳಿತು. "ಕಣ್ಣಾರೆ ಕಂಡ ಹಾಗೇ ಹೇಳ್ತೀರಲ್ರೀ! ಬೆಳಿಗ್ಗೆ 'ನೀನು ಮಲಕ್ಕೋ, ಪಾತ್ರೆ ನಾನೇ ತೊಳೀತೀನಿ' ಅಂತ ನೀರು ಕಾಯಿಸಿದ್ದು ನೀವೇ ಅಲ್ವಾ?"

ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಕಾರ್ಖಾನೇಲೂ ಹೀಗೇನೇನೋ? ನೀನೇ ಕೆಡಿಸಿ, ಆಮೇಲೆ ಯಾಕೆ ಕೆಟ್ಟಿತು ಅಂತ ನೀನೇ ನೋಡೋದು?"

"ಮತ್ತಿನ್ನೇನಕ್ಕ? ಅದಕ್ಕೇ ಇವರಿಗೆ ಸಂಬಳ ಕೊಡೋದು!" ಎಂದಳು ಹೆಂಡತಿ, ತುಂಬು ಹೆಮ್ಮೆಯಿಂದ.